ಹೋಗ್ಲಿ ಬಿಡು

ನೀವು ಯಾವತ್ತಾದರೂ ಯಾರಿಗಾದರೂ ಕನ್ನಡದಲ್ಲಿ "ನಿನ್ನನ್ನು ಕ್ಷಮಿಸಿದ್ದೇನೆ" ಅಂತ ಹೇಳಿದ್ದೀರಾ? ನಾನಂತೂ ಹೇಳಿಲ್ಲ. ಸಿನಿಮಾದಲ್ಲಿ ಕೇಳಿದ್ದೇನೆ, ಚರ್ಚಿನಲ್ಲಿ ಕೇಳಿದ್ದೇನೆ. ಮನೆಯಲ್ಲಿ ನಾವು ಹೇಳುವುದು ಎರಡೇ ಪದ: "ಹೋಗ್ಲಿ ಬಿಡು."

ಇಲ್ಲೇ ಹುಟ್ಟಿ ಬೆಳೆದು ಕನ್ನಡ ಕಲಿಯುತ್ತಿರುವವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. "ಹೋಗ್ಲಿ" ಅಂದರೆ ಅದು ಹೋಗಲಿ. "ಬಿಡು" ಅಂದರೆ ಹಿಡಿದ ಕೈ ಸಡಿಲಿಸು. ಹೊಸ ಒಡಂಬಡಿಕೆಯ ಮೂಲ ಗ್ರೀಕಿನಲ್ಲಿ ಕ್ಷಮಿಸು ಅನ್ನುವುದಕ್ಕೆ ಬಳಸಿರುವ 'ಅಫಿಯೆಮಿ' ಎಂಬ ಪದಕ್ಕೂ ಬಿಟ್ಟುಬಿಡು, ಹೋಗಗೊಡು ಎಂಬ ಅರ್ಥಗಳಿವೆ. ಸಾಲ ಮನ್ನಾ ಮಾಡುವುದಕ್ಕೂ ಅದೇ ಪದ.

ಸಾಲದ ಮಾತು ಯಾಕೆ ತೆಗೆದೆ ಅಂದರೆ, ನನ್ನದೂ ಒಂದು ಸಾಲದ ಕಥೆ. 2009ರಲ್ಲಿ ನಮ್ಮ ಚಿಗವ್ವನ ಮಗನಿಗೆ ನಾಲ್ಕು ಸಾವಿರ ಡಾಲರ್ ಕೊಟ್ಟಿದ್ದೆ. ಊರಲ್ಲಿ ಅಂಗಡಿ ಹಾಕ್ತೀನಿ, ಎರಡು ವರ್ಷದಲ್ಲಿ ಕೊಡ್ತೀನಿ ಅಂದಿದ್ದ. ಅಂಗಡಿ ಮುಚ್ಚಿತು. ಆಮೇಲೆ ಅವನು ನನ್ನ ಫೋನ್ ಎತ್ತುವುದನ್ನೂ ನಿಲ್ಲಿಸಿದ. ಆಗ ನಮ್ಮದು ಬಾಡಿಗೆ ಮನೆ, ಸಣ್ಣ ಮಗು, ಹೆಂಡತಿಗೆ ಕೆಲಸ ಮಾಡುವ ವೀಸಾ ಇಲ್ಲ. ಬೆಟಗೇರಿಯಿಂದ ಅವ್ವ, "ಹೋಗ್ಲಿ ಬಿಡೋ ಅತ್ಲಾಗ, ಎಷ್ಟ್ ದಿನಾ ಲೆಕ್ಕಾ ಇಟ್ಕೊಂಡ್ ಕೂಡ್ತೀ?" ಅಂದಾಗೆಲ್ಲ ಸಿಟ್ಟು ಬರುತ್ತಿತ್ತು. ಕೊಟ್ಟವನು ನಾನು, ಬಿಡಬೇಕಾದವನೂ ನಾನೇನಾ?

ಮತ್ತಾಯನ ಸುವಾರ್ತೆಯ 18ನೇ ಅಧ್ಯಾಯದಲ್ಲಿ ಪೇತ್ರನೂ ಲೆಕ್ಕವನ್ನೇ ಕೇಳುತ್ತಾನೆ. ತಪ್ಪು ಮಾಡಿದವನನ್ನು ಎಷ್ಟು ಸಾರಿ ಕ್ಷಮಿಸಬೇಕು, ಏಳು ಸಾರಿ ಸಾಕಾ ಅಂತ. ಯೇಸು ಆ ಏಳನ್ನು ಎಪ್ಪತ್ತರಿಂದ ಬೆಳೆಸಿ, ಲೆಕ್ಕವೇ ಸಿಗದಂತೆ ಮಾಡಿ, ಒಂದು ಕಥೆ ಹೇಳುತ್ತಾನೆ. ಒಬ್ಬ ಸೇವಕ ಅರಸನಿಗೆ 10,000 ತಲಾಂತು ಕೊಡಬೇಕಿತ್ತು. ಒಂದು ತಲಾಂತು ಸುಮಾರು 6,000 ದೆನಾರಿಯಸ್. ಒಂದು ದೆನಾರಿಯಸ್ ಕೂಲಿಯವನ ಒಂದು ದಿನದ ದುಡಿಮೆ. ಅಂದರೆ ಆರು ಕೋಟಿ ದಿನಗಳ ಕೂಲಿ. ವರ್ಷಕ್ಕೆ 300 ದಿನ ದುಡಿದರೂ ಎರಡು ಲಕ್ಷ ವರ್ಷ! ಅರಸ ಕರುಣೆಯಿಂದ ಅಷ್ಟನ್ನೂ ಮನ್ನಾ ಮಾಡುತ್ತಾನೆ. ಅದೇ ಸೇವಕ ಹೊರಗೆ ಬಂದು, ತನಗೆ 100 ದೆನಾರಿಯಸ್ ಕೊಡಬೇಕಾದ ಜೊತೆಗಾರನ ಕುತ್ತಿಗೆ ಹಿಡಿಯುತ್ತಾನೆ, ಸೆರೆಮನೆಗೆ ಹಾಕಿಸುತ್ತಾನೆ. ಸುದ್ದಿ ತಿಳಿದ ಅರಸ ಕೊಟ್ಟ ಮನ್ನಾವನ್ನು ವಾಪಸ್ ತೆಗೆದುಕೊಳ್ಳುತ್ತಾನೆ.

ಒಂದು ವಿಷಯ ಗಮನಿಸಿ. 100 ದೆನಾರಿಯಸ್ ಚಿಲ್ಲರೆ ಕಾಸಲ್ಲ, ಮೂರು ತಿಂಗಳಿಗೂ ಮೀರಿದ ಕೂಲಿ. ನಿಮಗಾದ ನಷ್ಟ ಸಣ್ಣದು ಅಂತ ಈ ಕಥೆ ಹೇಳುವುದಿಲ್ಲ. ನಿಮಗೆ ಮನ್ನಾ ಆದದ್ದನ್ನು ಅದರ ಪಕ್ಕದಲ್ಲಿಟ್ಟು ನೋಡಿ ಅನ್ನುತ್ತದೆ, ಅಷ್ಟೇ.

ಕ್ಷಮೆ ಅಂದರೆ ಅನ್ಯಾಯಕ್ಕೆ ಕಣ್ಣು ಮುಚ್ಚುವುದೂ ಅಲ್ಲ. 1999ರಲ್ಲಿ ಒಡಿಶಾದ ಮನೋಹರಪುರದಲ್ಲಿ ಗಂಡನನ್ನೂ ಇಬ್ಬರು ಗಂಡುಮಕ್ಕಳನ್ನೂ ಕಳೆದುಕೊಂಡ ಗ್ಲಾಡಿಸ್ ಸ್ಟೇನ್ಸ್ ಕೊಂದವರನ್ನು ಕ್ಷಮಿಸಿದರು. ಮೊಕದ್ದಮೆ ನಡೆಯಿತು, ಶಿಕ್ಷೆಯೂ ಆಯಿತು. ನಾನಿರುವ ಪೆನ್ಸಿಲ್ವೇನಿಯಾದಲ್ಲೇ, 2006ರ ಅಕ್ಟೋಬರ್ 2ರಂದು, ನಿಕಲ್ ಮೈನ್ಸ್ ಎಂಬಲ್ಲಿ ಒಬ್ಬ ಆಮಿಶ್ ಜನರ ಶಾಲೆಗೆ ನುಗ್ಗಿ ಹತ್ತು ಹುಡುಗಿಯರಿಗೆ ಗುಂಡು ಹಾರಿಸಿದ. ಐವರು ಸತ್ತರು. ಅವನೂ ಗುಂಡು ಹಾರಿಸಿಕೊಂಡು ಸತ್ತ. ಆಮಿಶರು ಅವನ ಹೆಂಡತಿಯನ್ನು, ಅಪ್ಪ ಅಮ್ಮನನ್ನು ಸಂತೈಸಲು ಹೋದರು, ಅವನನ್ನು ಮಣ್ಣು ಮಾಡುವಾಗಲೂ ಜೊತೆಗೆ ನಿಂತರು. ಅವರಿಗೆ ನೋವಿರಲಿಲ್ಲವೇ? ಇತ್ತು. ಕ್ಷಮೆ ಒಂದೇ ದಿನಕ್ಕೆ ಮುಗಿಯುವ ಕೆಲಸವಲ್ಲ, ದಿನಾ ಬೆಳಿಗ್ಗೆ ಮತ್ತೆ ಶುರುಮಾಡಬೇಕು. ಏಳು ಎಪ್ಪತ್ತರ ಲೆಕ್ಕ ಬಹುಶಃ ಇದೇ.

ಈಗ ನನ್ನ ಆರು ಕೋಟಿ ದಿನದ ಕೂಲಿಯ ವಿಷಯ. ಹೈಸ್ಕೂಲಿನಲ್ಲಿದ್ದಾಗ ಮೂರು ವರ್ಷ ಚಿಗವ್ವನ ಮನೆಯಲ್ಲಿದ್ದೆ. ದಿನಾ ಬಿಸಿ ರೊಟ್ಟಿ, ಪಲ್ಯ. ಅದರ ಲೆಕ್ಕ ಯಾರೂ ಇಡಲಿಲ್ಲ. 2016ರಲ್ಲಿ ಚಿಗವ್ವ ತೀರಿಕೊಂಡಾಗ ನಾನು ಒಂದು ಫೋನ್ ಕೂಡ ಮಾಡಲಿಲ್ಲ. ಯಾಕಂದರೆ ಫೋನ್ ಎತ್ತುವವನು ಅವನೇ ಆಗಿರುತ್ತಿದ್ದ.

ಹೋದ ವರ್ಷ ಕೊನೆಗೂ ಫೋನ್ ಮಾಡಿದೆ. ಈ ಸಲ ಎತ್ತಿದ. ನಾನು ಬಾಯಿ ತೆರೆಯುವ ಮೊದಲೇ "ಅಣ್ಣಾ, ಆ ರೊಕ್ಕದ್ದು..." ಅಂದ. "ಹೋಗ್ಲಿ ಬಿಡೋ," ಅಂದೆ. ಅಷ್ಟು ಸುಲಭಕ್ಕೆ ಬಾಯಿಗೆ ಬಂತಲ್ಲ ಅಂತ ನನಗೇ ಆಶ್ಚರ್ಯ. ಆಮೇಲೆ ಕಷ್ಟದ ಮಾತು: "ಚಿಗವ್ವ ಹೋದಾಗ ಫೋನ್ ಮಾಡ್ಲಿಲ್ಲೋ. ತಪ್ಪಾತು."

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. "ಹೋಗ್ಲಿ ಬಿಡಣ್ಣಾ" ಅನ್ನಲಿ ಅಂತ ನಾನು ಕಾಯುತ್ತಿದ್ದೆ. ಅನ್ನಲಿಲ್ಲ. "ಅಲ್ಲೀಗ ಎಷ್ಟ್ ಗಂಟೆ ಆತು?" ಅಂತ ಕೇಳಿದ.

ರಾತ್ರಿ ಹನ್ನೊಂದು ಅಂದೆ. ಅದನ್ನು ಅವನಿಂದ ವಸೂಲಿ ಮಾಡುವ ಹಕ್ಕು ನನಗಿಲ್ಲ. ಈಗ ಪ್ರತಿ ಭಾನುವಾರ ಫೋನ್ ಮಾಡುತ್ತೇನೆ. ಎತ್ತುತ್ತಾನೆ.