ಅಂಗನವಾಡಿಯೊಳಗಿನ ಊರು, ಕೇರಿ

ಜಾತಿ ಎಲ್ಲಿ ಶುರುವಾಗುತ್ತೆ ಅಂತ ಗೆಳೆಯರನ್ನ ಕೇಳಿದರೆ ಒಬ್ಬೊಬ್ಬರದು ಒಂದೊಂದು ಉತ್ತರ. ಹೋಟೆಲ್ಲಿನ ಲೋಟದಲ್ಲಿ ಅಂತಾನೆ ಒಬ್ಬ. ಗುಡಿಯ ಹೊಸ್ತಿಲಲ್ಲಿ ಅಂತಾನೆ ಇನ್ನೊಬ್ಬ. ಪೇಟೆ ಸೇರಿದವರು ಬಾಡಿಗೆ ಮನೆ ಕೇಳುವಾಗ ಅನ್ನುತ್ತಾರೆ. ಎಲ್ಲವೂ ನಿಜವೇ. ಆದರೆ ಅದಕ್ಕೂ ಬಹಳ ಮೊದಲೇ ಅದು ಶುರುವಾಗಿರುತ್ತೆ. ಮೂರು ವರ್ಷದ ಮಗು ಅವ್ವನ ಸೆರಗು ಬಿಟ್ಟು ಮೊದಲ ಸಲ ಬೇರೆ ಮನೆ ಮಕ್ಕಳ ಪಕ್ಕ ಕೂರುತ್ತಲ್ಲ, ಆವತ್ತು.

2021ರ ಸೆಪ್ಟೆಂಬರಿನಲ್ಲಿ ಕೊಪ್ಪಳ ಜಿಲ್ಲೆಯ ಮಿಯಾಪುರದಲ್ಲಿ ದಲಿತರ ಪುಟ್ಟ ಮಗುವೊಂದು ಗುಡಿಯೊಳಕ್ಕೆ ಓಡಿತು. ಗುಡಿ ಶುದ್ಧಿಗೆಂದು ಆ ಮನೆಯವರಿಗೆ ದಂಡ ಹಾಕಿದರು. ಆಮೇಲೆ ಪೊಲೀಸರು ಬಂದರು, ಕೇಸಾಯಿತು, ಪತ್ರಿಕೆಗಳಲ್ಲೂ ಬಂತು. ಆ ಮಗುವಿಗೆ ಇನ್ನೂ ಅಕ್ಷರ ಬಂದಿರಲಿಲ್ಲ. ಅದರ ಜಾತಿಯನ್ನು ಮಾತ್ರ ಊರೇ ನಿಂತು ಹೇಳಿಕೊಟ್ಟಿತು.

ನಾವು ಕವಿತೆ ಬರೆಯುವವರು ದೊಡ್ಡ ದೊಡ್ಡ ಮಾತಾಡುತ್ತೇವೆ. ವಿಶ್ವವಿದ್ಯಾಲಯದ ಬಗ್ಗೆ, ಮೀಸಲಾತಿಯ ಬಗ್ಗೆ ಲೇಖನ ಬರೆಯುತ್ತೇವೆ. ಅಂಗನವಾಡಿ ಅಂದರೆ ಹೆಂಗಸರ ಕೆಲಸ, ಮಕ್ಕಳ ಗಲಾಟೆ ಅಂತ ದಾಟಿ ಹೋಗುತ್ತೇವೆ. ಊರ ಮಗು ಮತ್ತು ಕೇರಿ ಮಗು ಮೊದಲು ಮುಖ ನೋಡುವುದು ಅಲ್ಲೇ. ಆದ್ದರಿಂದ ಈ ಮಾತು.

ಅಂಗನವಾಡಿ ಅನ್ನುವ ಹೆಸರಿಗೇ ಒಂದು ಚರಿತ್ರೆ ಇದೆ. ತಾರಾಬಾಯಿ ಮೋಡಕ್ 1945ರಲ್ಲಿ ಮುಂಬಯಿಯ ಉತ್ತರಕ್ಕೆ, ಕಡಲ ದಂಡೆಯ ಬೋರ್ಡಿ ಎಂಬ ಊರಿನಲ್ಲಿ ಬಾಲವಾಡಿ ಶುರು ಮಾಡಿದರು. ಜೊತೆಗೆ ಅನುತಾಯಿ ವಾಘ್ ಇದ್ದರು. ಬಾಲವಾಡಿಯೇನೋ ಇತ್ತು, ಆದರೆ ಅಸ್ಪೃಶ್ಯರ, ಬಡವರ ಮಕ್ಕಳು ಅಲ್ಲಿಗೆ ಬರಲಿಲ್ಲ. ಬೇರೆಯವರಾಗಿದ್ದರೆ ‘ಈ ಜನಕ್ಕೆ ಓದಿನ ಬೆಲೆ ಗೊತ್ತಿಲ್ಲ’ ಅಂದು ಕೈ ತೊಳೆದುಕೊಳ್ಳುತ್ತಿದ್ದರು. ಇವರು ಬಾಲವಾಡಿಯನ್ನೇ ಆ ಮಕ್ಕಳ ಮನೆ ಅಂಗಳಕ್ಕೆ ಒಯ್ದರು. ಅಲ್ಲೇ ಸಿಗುವ ಎಲೆ, ಕಲ್ಲು, ಬೀಜ, ಚಿಪ್ಪು ಪಾಠದ ಸಾಮಾನಾದವು. ಅಂಗಳದಲ್ಲಿ ನಡೆದದ್ದರಿಂದ ಅದು ಅಂಗನವಾಡಿ. 1957ರಲ್ಲಿ ಈ ಕೆಲಸ ಕೋಸಬಾಡಿಗೆ, ವಾರ್ಲಿ ಆದಿವಾಸಿಗಳ ನಡುವೆ ಹೋಯಿತು.

1975ರ ಅಕ್ಟೋಬರ್ 2ರಂದು ಕೇಂದ್ರ ಸರ್ಕಾರ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು ದೇಶದ 33 ಕಡೆ ಆರಂಭಿಸಿತು. ಕರ್ನಾಟಕದಲ್ಲಿ ಅದು ಮೊದಲು ಬಂದದ್ದು ನಮ್ಮ ಟಿ. ನರಸೀಪುರಕ್ಕೆ. 100 ಅಂಗನವಾಡಿ. 2025ಕ್ಕೆ ಅದಕ್ಕೆ ಐವತ್ತು ವರ್ಷ ತುಂಬಿತು. ಹೆಸರು ಮಾತ್ರ ಆ ತಾಯಿಯರದು. ಅಂಗಳ ಯಾರದು ಅನ್ನುವ ಪ್ರಶ್ನೆ ಹಾಗೇ ಉಳಿಯಿತು. ನಮ್ಮೂರಲ್ಲಿ ಅಂಗನವಾಡಿ ಕಟ್ಟಿದ್ದು ಊರೊಳಗೆ, ಭಜನೆ ಮನೆ ಪಕ್ಕ. ಕೇರಿಯಿಂದ ಹೋದ ನಾವು ಬಾಗಿಲ ಹತ್ತಿರ ಕೂರುತ್ತಿದ್ದೆವು. ಅಲ್ಲೇ ಕೂರಿ ಅಂತ ಯಾರೂ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ನೀರು ಮಾತ್ರ ಮೇಲಿಂದ ಹುಯ್ಯುತ್ತಿದ್ದರು.

2009ರಲ್ಲಿ ನನ್ನವ್ವನಿಗೆ ಅಲ್ಲೇ ಸಹಾಯಕಿ ಕೆಲಸ ಸಿಕ್ಕಿತು. ಅವ್ವ ಓದಿದ್ದು ನಾಲ್ಕನೆ ಕ್ಲಾಸು. ಸೀಗೆಪುಡಿ ಹಾಕಿ ತಲೆ ತೊಳಕೊಂಡು, ಮದುವೆ ಸೀರೆ ಉಟ್ಟು ಹೋದಳು. ಉಪ್ಪಿಟ್ಟು ಮಾಡಿದಳು. ಹಾಜರಿ ಪುಸ್ತಕದಲ್ಲಿ 31 ಮಕ್ಕಳಿದ್ದವು. ಮಾರನೆ ದಿನ ಬಂದದ್ದು ಒಂಬತ್ತು. ಒಂಬತ್ತೂ ನಮ್ಮ ಕೇರಿಯವೇ.

ಊರಲ್ಲಿ ಒಬ್ಬರೂ ಜಾತಿ ಅನ್ನೋ ಮಾತು ಎತ್ತಲಿಲ್ಲ. ‘ಮಗೀಗೆ ಜ್ವರ’ ಅಂದರು. ‘ನೀರು ಸರೀಗಿಲ್ಲ’ ಅಂದರು. ಊರಿನ ದೊಡ್ಡವರೊಬ್ಬರು ಟೀಚರಮ್ಮನ ಹತ್ತಿರ ಬಂದು, ‘ಆಯಮ್ಮ ಕಸ ಗುಡಿಸ್ಕಂಡಿರ್ಲಿ, ಒಲೆ ತಾವ್ ಬ್ಯಾಡ’ ಅಂದು ಹೋದರು. ಟೀಚರಮ್ಮ ಊರಿನವರೇ. ದೊಡ್ಡ ಕ್ರಾಂತಿಕಾರಿಯೇನಲ್ಲ. ಮಕ್ಕಳು ಬರದಿದ್ದರೆ ಸೂಪರ್‌ವೈಸರ್ ಕೇಳುತ್ತಾರೆ ಅನ್ನುವ ಹೆದರಿಕೆ ಅವರಿಗೂ ಇತ್ತು. ಆದರೆ ಅವರು ಒಂದು ಕೆಲಸ ಮಾಡಿದರು. ದಿನಾ ಮಧ್ಯಾಹ್ನ ಬೀದಿಗೆ ಕಾಣುವ ಹಾಗೆ ಬಾಗಿಲಲ್ಲಿ ಕೂತು ಅವ್ವ ಬೇಯಿಸಿದ್ದನ್ನು ಉಂಡರು. ಯಾರಿಗೂ ಉಪದೇಶ ಮಾಡಲಿಲ್ಲ, ಉಂಡರು ಅಷ್ಟೆ.

ಮೊದಲು ವಾಪಸು ಬಂದದ್ದು ಊರಿನ ಒಬ್ಬ ವಿಧವೆಯ ಎರಡು ಮಕ್ಕಳು. ಆಕೆ ಕೂಲಿಗೆ ಹೋಗಬೇಕು, ಮಕ್ಕಳನ್ನು ನೋಡಿಕೊಳ್ಳಲು ಮನೆಯಲ್ಲಿ ಯಾರೂ ಇಲ್ಲ. ‘ನಂಗೆ ಮಡಿ ಮಾಡಕ್ ಪುರ್ಸೊತ್ತಿಲ್ಲ ಕಣಕ್ಕ’ ಅಂದಳಂತೆ ಅವ್ವನಿಗೆ. ಆಮೇಲೆ ಕೂಲಿ ಮನೆಗಳ ಮಕ್ಕಳು ಒಂದೊಂದಾಗಿ ಬಂದವು. ಜಮೀನು ಇದ್ದವರ ಮನೆಯವು ಕೊನೆಗೆ. ಎರಡು ಮನೆಯವು ಬರಲೇ ಇಲ್ಲ. ಇಷ್ಟಕ್ಕೆ ಒಂದು ವರ್ಷ ಹಿಡಿಯಿತು.

ಒಲೆಯ ಕಥೆ ಹೀಗಾದರೆ ಮಾತಿನದು ಇನ್ನೊಂದು. ನಮ್ಮ ಸೀಮೆಯ ಮಕ್ಕಳ ಬಾಯಲ್ಲಿ ಹಕಾರ ನಿಲ್ಲೋದಿಲ್ಲ. ಹಾಲು ಆಲಾಗುತ್ತೆ, ಹಕ್ಕಿ ಅಕ್ಕಿಯಾಗುತ್ತೆ. ಗೋಡೆಯ ಪಟ ತೋರಿಸಿ ‘ಇದೇನು?’ ಅಂದರೆ ಮಗು ‘ಅಕ್ಕಿ’ ಅನ್ನುತ್ತೆ. ಸುತ್ತ ನಗು. ನಕ್ಕ ಮಗುವಿನ ಮನೆಯಲ್ಲೂ ಅದು ಅಕ್ಕಿಯೇ, ಆದರೆ ನಗುವ ಅಧಿಕಾರ ಅದಕ್ಕೆ ಸಿಕ್ಕಿದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡಿನ ಮಗುವಿಗೆ, ತಾಂಡಾದ ಲಂಬಾಣಿ ಮಗುವಿಗೆ, ಉರ್ದು ಮನೆಮಾತಿನ ಮಗುವಿಗೆ ಆ ನಗು ಇನ್ನೂ ದೊಡ್ಡದಾಗಿ ಕೇಳುತ್ತೆ. ಆ ಮಗು ಬಾಯಿ ಮುಚ್ಚಿಕೊಳ್ಳುತ್ತೆ. ಪುಸ್ತಕದಲ್ಲಿ ‘ಮಾತು ನಿಧಾನ’ ಅಂತ ಬರೆಯುತ್ತಾರೆ.

ಊಟದ ವಿಷಯವೂ ಹೀಗೇ. ಸೋಮವಾರ ‘ನೆನ್ನೆ ನಿಮ್ಮನೇಲಿ ಏನ್ ಸಾರು?’ ಅಂತ ಸುಮ್ಮನೆ ಕೇಳುತ್ತಾರೆ. ಮಗು ಖುಷಿಯಿಂದ ‘ದನದ ಬಾಡು’ ಅನ್ನುತ್ತೆ. ಪಕ್ಕದವು ಮೂಗು ಮುಚ್ಚುತ್ತವೆ. ಮುಂದಿನ ಸೋಮವಾರ ಅದೇ ಮಗು ‘ಬೇಳೆ ಸಾರು’ ಅನ್ನುತ್ತೆ. ನಾಲ್ಕು ವರ್ಷಕ್ಕೆ ನಮ್ಮ ಮಕ್ಕಳು ತಮ್ಮ ಮನೆಯ ಮಡಕೆಯ ಬಗ್ಗೆ ಸುಳ್ಳು ಹೇಳಲು ಕಲಿಯುತ್ತವೆ. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಮೊಟ್ಟೆ ಕೊಟ್ಟಾಗ ಕೆಲವು ಮಠಾಧೀಶರು ಬೇಡವೆಂದರು. ಅವರು ಯಾರ ಮಕ್ಕಳ ಮುಖ ನೋಡಿ ಬೇಡವೆಂದರು? ರಕ್ತವಿಲ್ಲದೆ ಬೆಳ್ಳಗಾದ ಮಕ್ಕಳ ಮುಖವನ್ನಂತೂ ಅಲ್ಲ.

ಈಗ ಸುತ್ತೋಲೆಗಳಲ್ಲಿ ‘ಪೋಷಕರ ಸಹಭಾಗಿತ್ವ’ ಅನ್ನುವ ಮಾತು ಬಹಳ ಓಡಾಡುತ್ತಿದೆ. ಒಳ್ಳೆಯ ಮಾತೇ. ಪ್ರತಿ ಅಂಗನವಾಡಿಗೂ ಬಾಲವಿಕಾಸ ಸಮಿತಿ ಇದೆ. ನಮ್ಮೂರಲ್ಲಿ ಸಭೆ ಬೆಳಿಗ್ಗೆ ಹನ್ನೊಂದಕ್ಕೆ. ಆ ಹೊತ್ತಿಗೆ ನಮ್ಮ ತಾಯಂದಿರು ಯಾರದೋ ಗದ್ದೆಯಲ್ಲಿ ಕಳೆ ಕೀಳುತ್ತಿರುತ್ತಾರೆ. ಸಂಜೆ ಪುಸ್ತಕ ಮನೆಗೆ ಬರುತ್ತೆ, ಹೆಬ್ಬೆಟ್ಟು ಒತ್ತುತ್ತಾರೆ. ಸಹಭಾಗಿತ್ವ ಮುಗಿಯಿತು. ಮೇಲಿನವರು ಕೇಳಿದರೆ, ‘ಈ ತಾಯಂದಿರಿಗೆ ಆಸಕ್ತಿ ಇಲ್ಲ ಸಾರ್.’

ಒಂದು ಸಲ ಅವ್ವ ಟೀಚರಮ್ಮನಿಗೆ ಹೇಳಿದಳು: ‘ಹೊತ್ತು ಮುಳುಗಿದ ಮ್ಯಾಲೆ ಕೇರಿಗೇ ಬನ್ನಿ ಅವ್ವಾ, ಯಾರ್ ಬರಲ್ವೋ ನಾನೂ ನೋಡ್ತೀನಿ.’ ಅವರು ಬಂದರು. ನಮ್ಮ ಜಗಲಿ ತುಂಬಿತು. ‘ನಿಮ್ಮ ಹುಡುಗ ಮಾತೇ ಆಡಲ್ಲ’ ಅಂದರು ಟೀಚರಮ್ಮ. ‘ಮನೇಲಿ ಅವನ ಬಾಯೇ ಮುಚ್ಚಕಿಲ್ಲ, ನಿಮ್ ತಾವ್ ಯಾಕ್ ಮುಚ್ಕತಾನೆ, ನೀವೇ ಹೇಳಿ’ ಅಂದಳು ಆ ತಾಯಿ. ಅದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ನಾನು ಬಿ.ಎ. ಓದಿದ ಮೂರು ವರ್ಷದಲ್ಲೂ ಕೇಳಲಿಲ್ಲ. ಹಾಗೆ ಮಾತಾಡುತ್ತ ಆಡುತ್ತ ಗೊತ್ತಾಯಿತು, ಎಣಿಕೆ ಕಲಿಸಲು ಕೇರಿಯಲ್ಲಿ ಅಳಿಗುಳಿ ಮಣೆ ಇದೆ, ಹುಣಸೆ ಬೀಜ ಇದೆ, ಚೌಕಾಬಾರ ಇದೆ. ಕಥೆಗೆ ಮಂಟೇಸ್ವಾಮಿ ಇದ್ದಾನೆ, ಮಾದಪ್ಪ ಇದ್ದಾನೆ. ತಾಳಕ್ಕೆ ತಮಟೆ ಇದೆ. ಮರುವಾರ ಕೇರಿಯ ಒಬ್ಬ ಅಜ್ಜಿ ಊರೊಳಗಿನ ಆ ಕೋಣೆಯಲ್ಲಿ, ನಡುಮಧ್ಯ ಕೂತು ಮಾದಪ್ಪನ ಕಥೆ ಹೇಳಿದಳು. ಬಾಗಿಲ ಹತ್ತಿರ ಕೂರುತ್ತಿದ್ದ ಮಕ್ಕಳು ಎದ್ದು ಅಜ್ಜಿಯ ಮಗ್ಗುಲಿಗೆ ಹೋದವು. ಊರ ಮಕ್ಕಳೂ ಹೋದವು.

ಕಾನೂನಿನ ಮಾತೂ ಹೇಳಬೇಕು. 2002ರ 86ನೇ ತಿದ್ದುಪಡಿ ಆರರಿಂದ ಹದಿನಾಲ್ಕು ವರ್ಷದ ಮಕ್ಕಳ ಶಿಕ್ಷಣವನ್ನು ಮೂಲಭೂತ ಹಕ್ಕು ಮಾಡಿತು. ಆರರ ಒಳಗಿನವರಿಗೆ 45ನೇ ವಿಧಿಯಲ್ಲಿ ‘ಸರ್ಕಾರ ಪ್ರಯತ್ನಿಸತಕ್ಕದ್ದು’ ಅಂತಷ್ಟೇ ಇದೆ. ಪ್ರಯತ್ನ ಮಾಡಲಿಲ್ಲ ಅಂತ ಕೋರ್ಟಿಗೆ ಹೋಗುವುದು ಹೇಗೆ? ಆದರೂ ಆಹಾರದ ಹಕ್ಕಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2004ರಲ್ಲಿ ಎರಡು ಮಾತು ಹೇಳಿತು: ಬಿಸಿಯೂಟದ ಅಡಿಗೆಯವರ ನೇಮಕದಲ್ಲಿ ದಲಿತರಿಗೆ ಆದ್ಯತೆ ಇರಲಿ, ಅಂಗನವಾಡಿ ತೆರೆಯುವಾಗ ಪರಿಶಿಷ್ಟರ ಕೇರಿ ಹಟ್ಟಿಗಳಿಗೆ ಆದ್ಯತೆ ಇರಲಿ. 2006ರ ಡಿಸೆಂಬರ್ 13ರ ಆದೇಶ, ಆರು ವರ್ಷದೊಳಗಿನ 40 ಮಕ್ಕಳಿದ್ದೂ ಅಂಗನವಾಡಿ ಇಲ್ಲದ ಜನವಸತಿ ಕೇಳಿದರೆ ಮೂರು ತಿಂಗಳಲ್ಲಿ ಕೊಡಬೇಕೆಂದಿತು. ಈ ಆದೇಶ ಎಷ್ಟು ಕೇರಿಯ ಕಿವಿಗೆ ಬಿದ್ದಿದೆ?

ಎಲ್ಲ ಮಕ್ಕಳನ್ನೂ ಸಮನಾಗಿ ಕೂರಿಸಬೇಕಾದ ಆ ಹೆಣ್ಣುಮಗಳನ್ನು ಸರ್ಕಾರ ತನ್ನ ನೌಕರಳು ಅಂತ ಒಪ್ಪುವುದಿಲ್ಲ. ಅವಳಿಗೆ ಕೊಡುವುದು ಗೌರವಧನ. ಸಂಬಳ ಕೇಳಿದರೆ ಗೌರವ ಕೊಡುತ್ತಾರೆ! 2017ರ ಮಾರ್ಚಿನಲ್ಲಿ ಸಾವಿರಾರು ಅಂಗನವಾಡಿಯವರು ಬೆಂಗಳೂರಿನ ಬೀದಿಯಲ್ಲಿ ಹಗಲು ರಾತ್ರಿ ಕೂತರು. 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಅವರಿಗೆ ಗ್ರಾಚ್ಯುಟಿ ಹಕ್ಕಿದೆ ಅಂದಿತು. ಅಷ್ಟಕ್ಕೇ ಅಷ್ಟು ವರ್ಷ ಬೇಕಾಯಿತು.

ಇನ್ನು ಈಗಿನ ಸ್ಥಿತಿ. ಅವ್ವನ ಉಪ್ಪಿಟ್ಟು ಒಲ್ಲೆ ಅಂದ ಮನೆಗಳ ಮೊಮ್ಮಕ್ಕಳು ಇವತ್ತು ಹಳದಿ ವ್ಯಾನು ಹತ್ತಿ ಪೇಟೆಯ ಇಂಗ್ಲಿಷ್ ಎಲ್‌ಕೆಜಿಗೆ ಹೋಗುತ್ತವೆ. ಅಂಗನವಾಡಿಯಲ್ಲಿ ಉಳಿದದ್ದು ಕೇರಿಯ ಮಕ್ಕಳು, ಕೂಲಿ ಮನೆಯ ಮಕ್ಕಳು. ಈಗ ಮುಟ್ಟಿಸಿಕೊಳ್ಳಬೇಡಿ ಅಂತ ಯಾರೂ ಹೇಳಬೇಕಾಗಿಲ್ಲ, ಆ ಕೆಲಸವನ್ನು ಫೀಸೇ ಮಾಡುತ್ತೆ. ನಮ್ಮಲ್ಲೂ ನಾಲ್ಕು ಕಾಸು ಕಂಡವರು ಅದೇ ವ್ಯಾನು ಹುಡುಕುತ್ತಿದ್ದಾರೆ. ಅವರನ್ನು ಬಯ್ಯುವ ಮನಸ್ಸು ನನಗಿಲ್ಲ. ಇಂಗ್ಲಿಷು ನಮ್ಮ ಮಕ್ಕಳಿಗೂ ಬೇಕು. ಆದರೆ ಎಲ್ಲರೂ ಹೋದಮೇಲೆ ಆ ಕೋಣೆಯ ಸೂರು ಸೋರಿದರೆ ಕೇಳುವವರು ಯಾರು?

ಗೆಳೆಯರೆ, ಮೇಷ್ಟರೆ, ನಿಮ್ಮೂರ ಅಂಗನವಾಡಿಗೆ ಒಂದು ದಿನ ಹೋಗಿ. ಭಾಷಣಕ್ಕಲ್ಲ, ನೋಡುವುದಕ್ಕೆ. ಬಾಗಿಲ ಹತ್ತಿರ ಕೂತಿರುವ ಮಕ್ಕಳು ಯಾರವು? ಒಲೆ ಮುಂದೆ ಯಾರಿದ್ದಾರೆ? ಕೇರಿಯ ಹೆಣ್ಣುಮಗಳು ಅಡಿಗೆ ಮಾಡಿದ ದಿನ ಎಷ್ಟು ತಟ್ಟೆ ಕಮ್ಮಿಯಾಗುತ್ತವೆ? ತಾಯಂದಿರ ಸಭೆ ಎಷ್ಟು ಹೊತ್ತಿಗೆ? ಗೋಡೆಯ ಮೇಲೆ ಯಾರ ಮನೆಯ ಮಾತು ಇದೆ? ಬರೆದುಕೊಳ್ಳಿ. ಕಮ್ಮಿಯಾದ ತಟ್ಟೆಯ ಲೆಕ್ಕವನ್ನು ತಾಲ್ಲೂಕು ಆಫೀಸಿಗೆ ಒಯ್ಯಿರಿ. ಸಭೆಯನ್ನು ಸಂಜೆಗೆ ಹಾಕಿಸಿ. ಅಂಗನವಾಡಿ ಇಲ್ಲದ ಹಟ್ಟಿಯಲ್ಲಿ ಮಕ್ಕಳ ತಲೆ ಎಣಿಸಿ, ಅರ್ಜಿ ಬರೆದುಕೊಡಿ. ಆವತ್ತು ಮಧ್ಯಾಹ್ನ ಅಲ್ಲೇ, ಬೀದಿಗೆ ಕಾಣುವ ಹಾಗೆ ಕೂತು, ಅವರು ಬಡಿಸಿದ್ದನ್ನು ಉಂಡು ಬನ್ನಿ.