ಆಟದ ಬಿರುದು ಯಾರಿಗೆ ಸಲ್ಲಬೇಕು?

‘ಬಿರುದು’ ಎಂಬ ಮಾತು ನಮ್ಮ ಕಾವ್ಯಗಳಲ್ಲಿಯೂ ಶಾಸನಗಳಲ್ಲಿಯೂ ಹೆಜ್ಜೆಹೆಜ್ಜೆಗೆ ಎದುರಾಗುತ್ತದೆ. ರನ್ನನು ಚಾಲುಕ್ಯ ಚಕ್ರವರ್ತಿ ತೈಲಪನಿಂದ ‘ಕವಿಚಕ್ರವರ್ತಿ’ ಎನಿಸಿಕೊಂಡನು. ಬಿರುದು ಕೇವಲ ಅಲಂಕಾರವಲ್ಲ. ಇಂಥವನು ಇಂಥದನ್ನು ಮಾಡಿದನೆಂದು ಲೋಕದ ಮುಂದೆ ಹೇಳುವ ಸಾಕ್ಷಿವಾಕ್ಯ. ಈ ವಿಚಾರವನ್ನು ಮೊಬೈಲ್ ಆಟಗಳ ಪ್ರಸಂಗದಲ್ಲಿ ನೆನೆಯಬೇಕಾದೀತೆಂದು, ಹಳೆಯ ಕ್ರಮದಲ್ಲಿ ವ್ಯಾಕರಣ, ಛಂದಸ್ಸುಗಳನ್ನು ಓದಿಕೊಂಡು ಬಂದ ನಾನು ಎಣಿಸಿರಲಿಲ್ಲ.

ನಮ್ಮ ಶಾಲೆಗೆ ಬರುವ ಮಕ್ಕಳಲ್ಲಿ ಹೆಚ್ಚಿನವರು ಪೀಣ್ಯದ ಕಾರ್ಖಾನೆಗಳಲ್ಲಿ ದುಡಿಯುವವರ ಮಕ್ಕಳು. ತಂದೆ ಲೇತ್ ಯಂತ್ರದ ಮುಂದೆ ನಿಂತರೆ ತಾಯಿ ಗಾರ್ಮೆಂಟ್ಸಿನಲ್ಲಿ ಹೊಲಿಗೆಗೆ ಕೂರುತ್ತಾಳೆ. ಈ ಸಂಪುಟದ ‘ವಿದ್ಯಾರ್ಥಿಗಳ ಸಾಧನೆ’ ಎಂಬ ಪುಟಕ್ಕೆ ಹೆಸರುಗಳನ್ನು ಸಂಗ್ರಹಿಸುತ್ತಿದ್ದಾಗ ಒಂಬತ್ತನೆಯ ತರಗತಿಯ ಹುಡುಗನೊಬ್ಬನು ಒಂದು ಚೀಟಿಯನ್ನು ತಂದುಕೊಟ್ಟನು. ‘ಮೈನ್‌ಕ್ರಾಫ್ಟ್’ ಎಂಬ ಆಟದಲ್ಲಿ ತಾನು ಗಳಿಸಿದ ‘ಅಚೀವ್‌ಮೆಂಟ್’ಗಳ ಪಟ್ಟಿ ಅದು. ಮರುದಿನವೇ ಅವನ ವಠಾರದ ಸಹಪಾಠಿ ಬಂದು, “ಸಾರ್, ಅವನು ಮಾಡ್ ಹಾಕ್ಕೊಂಡು ತಗೊಂಡಿದ್ದು. ನಾನು ಎಂಟು ತಿಂಗಳು ಆಡಿ ಇನ್ನೂ ಅರ್ಧಕ್ಕೆ ಬಂದಿದ್ದೀನಿ” ಎಂದು ತಕರಾರು ಹೂಡಿದನು. ಅವನ ಮನೆಯಲ್ಲಿರುವುದು ಒಂದೇ ಮೊಬೈಲು. ತಂದೆ ರಾತ್ರಿ ಪಾಳಿಗೆ ಹೊರಡುವ ಮುನ್ನ ದೊರೆಯುವ ಒಂದು ಗಂಟೆಯೇ ಅವನ ಆಟದ ಕಾಲ. ಒಂದೇ ಬೆಂಚಿನಲ್ಲಿ ಕೂರುತ್ತಿದ್ದ ಇಬ್ಬರಿಗೂ ಮಾತು ನಿಂತಿತು. ಸಂಪಾದಕ ಸಮಿತಿಯು ತೀರ್ಮಾನವನ್ನು ನನಗೆ ಒಪ್ಪಿಸಿತು.

ವ್ಯಾಜ್ಯ ತೀರಿಸಲು ಕುಳಿತವನು ಮೊದಲು ಶಬ್ದಗಳ ಅರ್ಥವನ್ನು ತಿಳಿಯಬೇಕು. ವೈಟ್‌ಫೀಲ್ಡಿನ ಕಂಪನಿಯೊಂದರಲ್ಲಿ ಆಟಗಳನ್ನು ಪರೀಕ್ಷಿಸುವ ಕೆಲಸದಲ್ಲಿರುವ ನನ್ನ ಹಳೆಯ ಶಿಷ್ಯನನ್ನು ಕರೆಸಿ ಕೇಳಿದೆ. ಅವನು ಹೇಳಿದ ಸಂಗತಿಗಳು ಸ್ವಾರಸ್ಯವಾಗಿದ್ದವು. ‘ಚೀಟ್’ ಎಂಬುದು ಮೋಸಕ್ಕಾಗಿಯೇ ಹುಟ್ಟಿದ್ದಲ್ಲವಂತೆ. 1986ರಲ್ಲಿ ಜಪಾನಿನ ಕೊನಾಮಿ ಸಂಸ್ಥೆಯ ಕಜುಹಿಸಾ ಹಶಿಮೊಟೊ ಅವರು ‘ಗ್ರಾಡಿಯಸ್’ ಎಂಬ ಆಟವನ್ನು ಮನೆಯ ಯಂತ್ರಕ್ಕೆ ಅಳವಡಿಸುತ್ತಿದ್ದಾಗ ಅದು ಅವರಿಗೇ ಅತಿ ಕಠಿಣವಾಯಿತು. ಪರೀಕ್ಷಿಸುವ ಅನುಕೂಲಕ್ಕೆಂದು ಗುಂಡಿಗಳನ್ನು ಒತ್ತುವ ಒಂದು ಗುಪ್ತಕ್ರಮವನ್ನು ಅವರು ಇಟ್ಟುಕೊಂಡರು. ಮುಂದೆ ‘ಕಾಂಟ್ರಾ’ ಆಟದಲ್ಲಿ ಅದೇ ಕ್ರಮವು ಆಟಗಾರನಿಗೆ 30 ಜೀವಗಳನ್ನು ಕೊಡುತ್ತಿತ್ತು. ‘ಮಾಡ್’ ಎಂದರೆ ಆಟವನ್ನು ತನಗೆ ಬೇಕಾದಂತೆ ತಿದ್ದಿಕೊಳ್ಳುವ ಉಪಾಯ. ಇವೆರಡೂ ಬಹುಕಾಲ ಯಾರಿಗೂ ತೊಡಕಾಗಿರಲಿಲ್ಲ. 2005ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ‘ಎಕ್ಸ್‌ಬಾಕ್ಸ್ 360’ ಯಂತ್ರದೊಡನೆ, ಎಲ್ಲ ಆಟಗಳಿಗೂ ಅನ್ವಯಿಸುವ, ಇತರರಿಗೂ ಕಾಣುವ ಬಿರುದು ಮತ್ತು ಅಂಕಗಳ ಕ್ರಮವನ್ನು ತಂದಿತು. ಸಾಕ್ಷಿ ಬಂದೊಡನೆ ಸುಳ್ಳುಸಾಕ್ಷಿಯ ಪ್ರಶ್ನೆಯೂ ಬಂದಿತು.

ಈ ಪ್ರಶ್ನೆಗೆ ಆಟ ರಚಿಸುವವರು ನೀಡಿರುವ ಉತ್ತರ ಬಹುಮಟ್ಟಿಗೆ ಕಟ್ಟುನಿಟ್ಟಾದುದು. ಮೊಬೈಲಿನ ಮೈನ್‌ಕ್ರಾಫ್ಟಿನಲ್ಲಿ ಒಮ್ಮೆ ಚೀಟ್ ತೆರೆದರೆ, ಮತ್ತೆ ಮುಚ್ಚಿದರೂ, ಆ ಲೋಕದಲ್ಲಿ ಬಿರುದುಗಳು ದೊರೆಯವು. 2016ರಲ್ಲಿ ‘ಸ್ಕೈರಿಮ್’ ಎಂಬ ಆಟದ ವಿಶೇಷ ಆವೃತ್ತಿ ಬಂದಾಗ ಯಾವ ಮಾಡ್ ಹಾಕಿದರೂ ಬಿರುದು ನಿಲ್ಲುವಂತೆ ಮಾಡಿದ್ದರು. ಆಟಗಾರರು ಆ ತಡೆಯನ್ನೇ ತೆಗೆದುಹಾಕುವ ಇನ್ನೊಂದು ಮಾಡನ್ನು ಹೊಸೆದರು! ಅವರ ದೂರಿನಲ್ಲಿ ನ್ಯಾಯವಿಲ್ಲದೆ ಇಲ್ಲ. ಅಕ್ಷರವನ್ನು ದೊಡ್ಡದು ಮಾಡುವ ತಿದ್ದುಪಡಿಗೂ, ಶತ್ರುವಿನ ಏಟು ತಾಗದಂತೆ ಮಾಡುವ ತಿದ್ದುಪಡಿಗೂ ಒಂದೇ ದಂಡವೇ?

ಇಲ್ಲಿ ನನಗೆ ಪರೀಕ್ಷಾ ಕೊಠಡಿಯೇ ದಾರಿ ತೋರಿಸಿತು. ಎಸ್‌ಎಸ್‌ಎಲ್‌ಸಿ ಪರೀಕ್ಷೆಯಲ್ಲಿ ಕಣ್ಣು ಕಾಣದ ವಿದ್ಯಾರ್ಥಿಗೆ ಉತ್ತರ ಬರೆದುಕೊಡುವವನೊಬ್ಬನನ್ನು ಕೊಡುತ್ತೇವೆ, ಹೆಚ್ಚಿನ ಸಮಯವನ್ನೂ ಕೊಡುತ್ತೇವೆ. ಅದನ್ನು ಯಾರೂ ನಕಲು ಎನ್ನುವುದಿಲ್ಲ. ಏಕೆಂದರೆ ಅಂಕಪಟ್ಟಿ ಸಾಕ್ಷಿ ಹೇಳುವುದು ಅವನ ತಿಳಿವಳಿಕೆಗೆ, ಅವನ ಕಣ್ಣಿಗಲ್ಲ. ಅದೇ ಬರೆದುಕೊಡುವವನು ಉತ್ತರವನ್ನು ತಾನೇ ಹೇಳಿಕೊಟ್ಟರೆ ಸಾಕ್ಷಿ ಸುಳ್ಳಾಯಿತು. ಆದುದರಿಂದ ಕೇಳಬೇಕಾದ ಪ್ರಶ್ನೆ ಒಂದೇ: ಬಿರುದು ಯಾವುದಕ್ಕೆ ಸಾಕ್ಷಿ ಹೇಳುತ್ತದೆಯೋ ಅದನ್ನೇ ಈ ನೆರವು ತಾನು ಮಾಡಿಕೊಟ್ಟಿತೇ? ಹೌದೆಂದಾದರೆ ಬಿರುದು ಸಲ್ಲದು, ಅಲ್ಲವೆಂದಾದರೆ ಸಲ್ಲಬೇಕು.

ಈ ಒರೆಗಲ್ಲಿಗೆ ಹಚ್ಚಿದಾಗ ಚೀಟಿ ತಂದ ಹುಡುಗನ ಪಟ್ಟಿ ನಿಲ್ಲಲಿಲ್ಲ. ಅಗೆದು, ಕಾದಾಡಿ, ಸೋತು ಗಳಿಸಬೇಕಾದುದನ್ನೆಲ್ಲ ಮಾಡ್ ತಾನೇ ತಂದುಕೊಟ್ಟಿತ್ತು. ಅದನ್ನು ಅಚ್ಚು ಮಾಡಲಾಗದೆಂದು ಅವನಿಗೆ ತಿಳಿಸಿದೆ. “ಬೇರೆ ಏನು ಮಾಡಿದೆಯಪ್ಪಾ ಇದರಲ್ಲಿ?” ಎಂದು ಕೇಳಿದಾಗ, ಅಳುಕುತ್ತಲೇ ಮೊಬೈಲು ತೆರೆದು, ತಾನು ಆಟದೊಳಗೆ ಕಟ್ಟಿದ್ದ ಚಿತ್ರದುರ್ಗದ ಕೋಟೆಯನ್ನು ತೋರಿಸಿದನು. ಕಲ್ಲು ಅಗೆಯುವ ಶ್ರಮವನ್ನು ಚೀಟ್ ಉಳಿಸಿತ್ತು, ನಿಜ. ಆದರೆ ಸುತ್ತುಸುತ್ತಿನ ಗೋಡೆಗಳನ್ನೂ ಬಾಗಿಲುಗಳನ್ನೂ ಎಣಿಸಿ ನಿಲ್ಲಿಸಿದವನು ಅವನೇ. ಆ ಕೋಟೆಯ ಚಿತ್ರ, ಚೀಟಿನ ನೆರವಿನಿಂದ ಕಟ್ಟಿದ್ದೆಂಬ ಒಂದು ಸಾಲಿನೊಡನೆ, ಈ ಸಂಪುಟದ ಚಿತ್ರಕಲಾ ವಿಭಾಗದಲ್ಲಿದೆ. ಎಂಟು ತಿಂಗಳು ಆಡಿದವನ ಹೆಸರು, ಅವನ ಪಟ್ಟಿ ಅರ್ಧವೇ ಆದರೂ, ಸಾಧನೆಯ ಪುಟದಲ್ಲಿದೆ.

ಇದು ಮಕ್ಕಳ ಜಗಳವಷ್ಟೇ ಎನ್ನುವವರು ನಮ್ಮ ಬೆಂಗಳೂರಿನ ಒಂದು ಪ್ರಸಂಗವನ್ನು ನೆನೆಯಬೇಕು. 2021ರ ಜೂನ್ 13ರಂದು, ಕೋವಿಡ್ ಕಾಲದ ಸಹಾಯಾರ್ಥವಾಗಿ, ಅಕ್ಷಯಪಾತ್ರ ಪ್ರತಿಷ್ಠಾನಕ್ಕೆ ನಿಧಿ ಕೂಡಿಸಲು ವಿಶ್ವನಾಥನ್ ಆನಂದ್ ಅವರು ಅಂತರ್ಜಾಲದಲ್ಲಿ ಹಲವು ಗಣ್ಯರೊಡನೆ ಏಕಕಾಲದಲ್ಲಿ ಚದುರಂಗ ಆಡಿದರು. ಆಮಿರ್ ಖಾನ್, ನಮ್ಮ ಸುದೀಪ್ ಮೊದಲಾದವರು ಎದುರಾಳಿಗಳು. ಐದು ಬಾರಿ ವಿಶ್ವವಿಜೇತರಾದ ಆನಂದರನ್ನು ಜೆರೋಧಾ ಸಂಸ್ಥೆಯ ಸಹಸಂಸ್ಥಾಪಕ ನಿಖಿಲ್ ಕಾಮತ್ ಸೋಲಿಸಿದರು. ಮರುದಿನವೇ ಅವರು, ಆಟವನ್ನು ವಿಶ್ಲೇಷಿಸುವ ಜನರ ಮತ್ತು ಗಣಕಯಂತ್ರದ ನೆರವು ಪಡೆದಿದ್ದೆನೆಂದು ಬಹಿರಂಗವಾಗಿ ಹೇಳಿ ಕ್ಷಮೆ ಯಾಚಿಸಿದರು. ಆನಂದರು, ತಾವು ಹಲಗೆಯ ಮೇಲಿನ ಸ್ಥಿತಿಯನ್ನಷ್ಟೇ ನೋಡಿ ಆಡಿದ್ದಾಗಿಯೂ ಎಲ್ಲರಿಂದಲೂ ಅದನ್ನೇ ನಿರೀಕ್ಷಿಸಿದ್ದಾಗಿಯೂ ಹೇಳಿ ಸುಮ್ಮನಾದರು. ಕೂಡಿದ ನಿಧಿ ಹಸಿದವರ ಅನ್ನಕ್ಕೇ ಹೋಯಿತು. ಆ ಪುಣ್ಯಕ್ಕೆ ಕುಂದಿಲ್ಲ. ಕುಂದು ಬಂದುದು ‘ಆನಂದರನ್ನು ಗೆದ್ದವನು’ ಎಂಬ ಒಂದು ಮಾತಿಗೆ ಮಾತ್ರ. ಆ ಮಾತು ನಿಲ್ಲಲಾರದು.

‘ತನ್ನ ಮೊಬೈಲು, ತನ್ನ ಆಟ, ಪರರಿಗೇನು ನಷ್ಟ?’ ಎಂಬ ವಾದವನ್ನೂ ಕೇಳಿದ್ದೇನೆ. ಒಬ್ಬನೇ ಆಡಿ ಒಬ್ಬನೇ ನಗುವವರೆಗೆ ನಷ್ಟವಿಲ್ಲ. ಅವನನ್ನು ಬಯ್ಯುವ ಅಧಿಕಾರ ಯಾರಿಗೂ ಇಲ್ಲ. ಬಿರುದನ್ನು ಹೊರಗೆ ತೋರಿಸಿದೊಡನೆ ಅದು ಇತರರ ಶ್ರಮವನ್ನು ಅಳೆಯುವ ಸೇರಾಗುತ್ತದೆ. ಕಳ್ಳಸೇರಿನಿಂದ ನಷ್ಟ ಇಡೀ ಸಂತೆಗೆ. 2018ರ ಅಕ್ಟೋಬರಿನಲ್ಲಿ ಷಾಂಘೈನ ‘ಕೌಂಟರ್-ಸ್ಟ್ರೈಕ್’ ಪಂದ್ಯಾವಳಿಯಲ್ಲಿ ಭಾರತದ ತಂಡವೊಂದರ ಆಟಗಾರನು ಗುಪ್ತ ತಂತ್ರಾಂಶದೊಡನೆ ಸಿಕ್ಕಿಬಿದ್ದಾಗ ಇಡೀ ತಂಡ ಅನರ್ಹವಾಯಿತು. ಬಳಿಕ ಆ ತಂಡವನ್ನೇ ವಿಸರ್ಜಿಸಲಾಯಿತು. ಮಿಕ್ಕ ನಾಲ್ವರ ಅಭ್ಯಾಸವೆಲ್ಲ ನೀರಿನಲ್ಲಿ ಹೋಮವಾಯಿತು.

ಭಾರತದ ಗದಾಯುದ್ಧದಲ್ಲಿ ಭೀಮನು ತೊಡೆಗೆ ಹೊಡೆದಾಗ ಬಲರಾಮನು ಕೋಪದಿಂದ ಮೇಲೆದ್ದನು. ದುರ್ಯೋಧನನ ಪಾಪಗಳನ್ನು ಅವನು ಅರಿಯದವನಲ್ಲ. ಗದೆಯ ವಿದ್ಯೆಯನ್ನು ಇಬ್ಬರಿಗೂ ಕಲಿಸಿದ ಗುರುವಾದುದರಿಂದ ಆ ವಿದ್ಯೆಯ ನಿಯಮದ ನೋವು ಅವನಿಗೆ ತಟ್ಟಿತು. ಯುದ್ಧವನ್ನು ಪಾಂಡವರು ಗೆದ್ದರು. ಗದೆಯ ವಿದ್ಯೆಯಲ್ಲಿ ಭೀಮನೇ ಮೇಲೆಂಬುದು ಮಾತ್ರ ಆ ಏಟಿನಿಂದ ಸಿದ್ಧವಾಗಲಿಲ್ಲ.

ವಿದ್ಯಾರ್ಥಿಮಿತ್ರರೇ, ನಿಮ್ಮಲ್ಲಿ ಹಲವರು ನಾಳೆ ಪೀಣ್ಯದಲ್ಲೋ ಎಲೆಕ್ಟ್ರಾನಿಕ್ ಸಿಟಿಯಲ್ಲೋ ಕೆಲಸಕ್ಕೆ ಸೇರುವಿರಿ. ಅಲ್ಲಿ ಯಂತ್ರವೇ ಉತ್ತರ ಬರೆಯುವ ಕಾಲ ಈಗಾಗಲೇ ಬಂದಿದೆ. ನೆರವನ್ನು ಪಡೆಯಿರಿ, ಆಟವನ್ನು ಬೇಕಾದಂತೆ ತಿದ್ದಿಕೊಂಡು ನಲಿಯಿರಿ, ಅದರಲ್ಲಿ ದೋಷವಿಲ್ಲ. ಪಡೆದ ನೆರವನ್ನು ಮರೆಮಾಡದೆ ಹೇಳಿರಿ, ಮಾಡಿದಷ್ಟನ್ನೇ ಮಾಡಿದೆನೆನ್ನಿರಿ. ಬಿರುದು ಅಷ್ಟಕ್ಕೆ ಸಲ್ಲಲಿ.