ಬೆಳಿಗ್ಗೆ ಎಂಟೂಕಾಲು

ಇವತ್ತು ಆಗಸ್ಟ್ 6. 1945ರಲ್ಲಿ ಹಿರೋಶಿಮಾದ ಮೇಲೆ ಅಣುಬಾಂಬ್ ಸಿಡಿದದ್ದು ಬೆಳಿಗ್ಗೆ 8:15ಕ್ಕೆ, ನೆಲದಿಂದ ಸುಮಾರು 600 ಮೀಟರ್ ಎತ್ತರದಲ್ಲಿ. ಸುತ್ತ ಎರಡು ಕಿಲೋಮೀಟರ್ ಬಹುತೇಕ ಬೂದಿ. ಹೈದರಾಬಾದಿನ ನಮ್ಮ ಕೂಕಟ್‌ಪಲ್ಲಿ ಮೆಟ್ರೊ ನಿಲ್ದಾಣವನ್ನು ನಡುವಿಟ್ಟುಕೊಂಡು ಅಳೆದರೆ ಅತ್ತ ಕೆಪಿಎಚ್‌ಬಿ ಕಾಲನಿ, ಇತ್ತ ಬಾಲಾನಗರ. ಆ ಹೊತ್ತಿಗೆ ಈ ರಸ್ತೆಯ ತುಂಬ ಸ್ಕೂಲ್ ಬಸ್ಸುಗಳಿರುತ್ತವೆ.

ಹಿರೋಶಿಮಾದಲ್ಲಿಯೂ ಮಕ್ಕಳು ಬೀದಿಯಲ್ಲೇ ಇದ್ದರು. ವಿಮಾನದಾಳಿಯಾದರೆ ಬೆಂಕಿ ಹಬ್ಬದಿರಲೆಂದು ಮನೆಗಳನ್ನು ಕೆಡವಿ ಬಯಲು ಮಾಡುವ ಕೆಲಸಕ್ಕೆ ಹನ್ನೆರಡು ಹದಿಮೂರರ ಹುಡುಗ ಹುಡುಗಿಯರನ್ನು ಹಚ್ಚಿದ್ದರು. ಅವರಲ್ಲೇ ಸಾವಿರಾರು ಜನ ಹೋದರು. ವರ್ಷ ಮುಗಿಯುವಷ್ಟರಲ್ಲಿ ಆ ಊರಿನ ಸಾವು ಸುಮಾರು 1,40,000.

ಬಾಂಬಿನಿಂದ ಯುದ್ಧ ಬೇಗ ನಿಂತಿತು, ಹೋದದ್ದಕ್ಕಿಂತ ಹೆಚ್ಚು ಜೀವ ಉಳಿಯಿತು ಎನ್ನುತ್ತಾರೆ. ಚೀನಾದಲ್ಲಿ ಜಪಾನಿ ಸೇನೆ ನಡೆಸಿದ ಕ್ರೌರ್ಯವನ್ನು ನಾನೂ ಓದಿದ್ದೇನೆ. ಆದರೂ ಆ ಮಕ್ಕಳನ್ನು ಲೆಕ್ಕದ ಖರ್ಚಿಗೆ ಬರೆಯುವ ಹಕ್ಕು ಯಾರಿಗೂ ಇರಲಿಲ್ಲ. ಇದರಲ್ಲಿ ನನಗೆ ಅನುಮಾನವೇ ಇಲ್ಲ.

ನಮ್ಮ ದೇಶದ 1974ರ ಪೋಖ್ರಾನ್ ಅಣು ಪರೀಕ್ಷೆಯ ಮುಂದಾಳು ನಮ್ಮ ತುಮಕೂರಿನ ರಾಜಾ ರಾಮಣ್ಣ. ಆ ಹೆಮ್ಮೆಯಲ್ಲೇ ಬೆಳೆದವರು ನಾವು. ಮಗಳಿಗೆ ಅವರ ಕತೆ ಹೇಳುವಾಗ ಹಿರೋಶಿಮಾದ ಮಕ್ಕಳದ್ದನ್ನೂ ಹೇಳಬೇಕು. ಅವಳೀಗ ಏಳನೇ ಕ್ಲಾಸು, ತಿಳಿಯುವ ವಯಸ್ಸು.